ಪದವಿಚಾರ: ಕಳಂಕ ತಂದವರು, ಕಳಂಕ ಹಚ್ಚಿದವರು

ಈ ಸಂಚಿಕೆಗಾಗಿ ಬಂದ ಪತ್ರಗಳಲ್ಲಿ ಐದು ಪತ್ರಗಳು ಒಂದೇ ಬಳಗದ ಪದಗಳನ್ನು ಕುರಿತು ಕೇಳಿವೆ. ಕಳಂಕ, ಮಸಿ, ಕಿಲುಬು, ತುಕ್ಕು, ಮಾಸು ಇವೆಲ್ಲ ಚೆನ್ನಾಗಿದ್ದ ವಸ್ತುವೋ ಹೆಸರೋ ಕೆಡುವುದನ್ನು ಹೇಳುವ ಮಾತುಗಳು. ಪತ್ರಗಳು ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳಿಂದ ಬಂದಿರುವುದರಿಂದ ಒಟ್ಟಿಗೆ ಉತ್ತರಿಸುತ್ತಿದ್ದೇನೆ. ಮೊದಲ ಪತ್ರದ ವಿಷಯ ಗಂಭೀರವಾದುದರಿಂದ ಅದಕ್ಕೆ ಹೆಚ್ಚಿನ ಜಾಗ ಕೊಟ್ಟಿದ್ದೇನೆ. ಉಳಿದ ಪತ್ರಗಳನ್ನು ಬರೆದವರು ಮನ್ನಿಸಬೇಕು.

ಪ್ರಶ್ನೆ: ನಮ್ಮೂರಿನ ಸಹಕಾರ ಸಂಘವೊಂದರ ಲೆಕ್ಕದಲ್ಲಿ ವ್ಯತ್ಯಾಸವಿರುವುದನ್ನು ಸದಸ್ಯರೊಬ್ಬರು ವಾರ್ಷಿಕ ಸಭೆಯಲ್ಲಿ ದಾಖಲೆ ಸಮೇತ ತೋರಿಸಿದರು. ಕೆಲವು ದಿನಗಳಲ್ಲಿ ಅವರಿಗೊಂದು ನೋಟಿಸು ಬಂತು. ಅದರಲ್ಲಿ ‘ತಾವು ಸಂಘದ ಹೆಸರಿಗೆ ಕಳಂಕ ತಂದಿರುತ್ತೀರಿ’ ಎಂದು ಬರೆದಿತ್ತು. ಓದಿದಾಗ ಆ ಮಾತು ಸರಿಯಿಲ್ಲವೆನ್ನಿಸಿತು, ಆದರೆ ಏಕೆ ಸರಿಯಿಲ್ಲವೆಂದು ಹೇಳಲು ತಿಳಿಯಲಿಲ್ಲ. ‘ಕಳಂಕ ತರು’, ‘ಕಳಂಕ ಹಚ್ಚು’, ‘ಮಸಿ ಬಳಿ’ ಇವುಗಳ ವ್ಯತ್ಯಾಸವನ್ನು ತಿಳಿಸುವಿರಾ?
(ನಿವೃತ್ತ ಶಿಕ್ಷಕರು, ಕೊಪ್ಪಳ)

ಉತ್ತರ: ತಮಗೆ ಅನ್ನಿಸಿದ್ದು ನಿಜ. ಆ ವಾಕ್ಯದಲ್ಲಿ ವಿಭಕ್ತಿಯಾಗಲಿ ಕಾಲವಾಗಲಿ ತಪ್ಪಿಲ್ಲ. ತಪ್ಪಿರುವುದು ಕ್ರಿಯಾಪದದ ಆಯ್ಕೆಯಲ್ಲಿ, ಮತ್ತು ಆ ಒಂದು ಕ್ರಿಯಾಪದದಿಂದ ಒಬ್ಬ ಮನುಷ್ಯನ ಮೇಲೆ ಅವನು ಮಾಡದ ಕೆಲಸದ ಹೊಣೆ ಬಿದ್ದಿದೆ.

‘ಕಳಂಕ’ ಸಂಸ್ಕೃತದಿಂದ ಬಂದ ನಾಮಪದ. ಕಲೆ, ಗುರುತು, ಮಚ್ಚೆ ಎಂಬುವು ಅದರ ಮೊದಲ ಅರ್ಥಗಳು. ಚಂದ್ರಬಿಂಬದ ಕಪ್ಪು ಗುರುತಿಗೆ ಕವಿಗಳು ಈ ಪದವನ್ನು ತಲೆತಲಾಂತರದಿಂದ ಬಳಸುತ್ತ ಬಂದಿದ್ದಾರೆ. ಚಂದ್ರನನ್ನು ಶಶಾಂಕ, ಮೃಗಾಂಕ ಎಂದು ಕರೆಯುವಾಗಲೂ ‘ಅಂಕ’ ಎಂದರೆ ಅದೇ ಗುರುತು, ಒಬ್ಬರಿಗೆ ಮೊಲದಂತೆ, ಇನ್ನೊಬ್ಬರಿಗೆ ಜಿಂಕೆಯಂತೆ ಕಂಡದ್ದು. ಸಂಸ್ಕೃತ ನಿಘಂಟುಗಳಲ್ಲಿ ಕಳಂಕಕ್ಕೆ ಕಬ್ಬಿಣದ ತುಕ್ಕು ಎಂಬ ಅರ್ಥವೂ ಇದೆ. ದೋಷ, ಅಪವಾದ, ಅಪಕೀರ್ತಿ ಎಂಬ ಅರ್ಥಗಳೇ ಇಂದಿನ ಕನ್ನಡದಲ್ಲಿ ಮುಂದಾಗಿ ನಿಂತಿವೆ. ಆದರೆ ನಾಮಪದವೊಂದೇ ಇದ್ದರೆ ಕಲೆ ಇದೆ ಎಂಬುದಷ್ಟೇ ತಿಳಿಯುತ್ತದೆ. ಅದು ತಾನಾಗಿ ಬಂದದ್ದೋ, ಯಾರೋ ತಂದದ್ದೋ, ಯಾರೋ ಮೆತ್ತಿದ್ದೋ ಎಂಬುದನ್ನು ಕನ್ನಡದಲ್ಲಿ ಅದರ ಜೊತೆಗೆ ಬರುವ ಕ್ರಿಯಾಪದವೇ ಹೇಳಬೇಕು. ಕನ್ನಡದ ಕ್ರಿಯಾಪದಗಳು ಈ ವಿಷಯದಲ್ಲಿ ಬಹಳ ಎಚ್ಚರದಿಂದ ಕೆಲಸ ಮಾಡುತ್ತವೆ.

‘ಕಳಂಕ ತರು’ ಎಂಬುದನ್ನು ಮೊದಲು ನೋಡೋಣ. ‘ಮನೆತನಕ್ಕೆ ಕಳಂಕ ತಂದ ಮಗ’, ‘ವೃತ್ತಿಗೆ ಕಳಂಕ ತಂದ ವೈದ್ಯ’, ‘ಖಾದಿಗೆ ಕಳಂಕ ತಂದ ನಾಯಕ’ ಎಂದು ನಾವು ಹೇಳುತ್ತೇವೆ. ಈ ಮೂರರಲ್ಲಿಯೂ ಎರಡು ಸಂಗತಿಗಳು ಸಮಾನವಾಗಿವೆ. ತಂದವನು ಆ ಮನೆಗೆ, ಆ ವೃತ್ತಿಗೆ, ಆ ಬಳಗಕ್ಕೆ ಸೇರಿದವನು. ಮತ್ತು ಕಳಂಕಕ್ಕೆ ಕಾರಣ ಅವನದೇ ನಡತೆ. ಹೊರಗಿನವನು ಎಷ್ಟೇ ಕೆಟ್ಟವನಾಗಿದ್ದರೂ ನಮ್ಮ ಮನೆತನಕ್ಕೆ ಕಳಂಕ ‘ತರಲಾರ’. ಹಗೆಯವನು ನಮ್ಮ ಮನೆಯ ಬಗ್ಗೆ ಊರೆಲ್ಲ ಇಲ್ಲದ್ದನ್ನು ಹೇಳಿಕೊಂಡು ತಿರುಗಿದರೆ ‘ಕಳಂಕ ಹಚ್ಚಿದ’ ಎನ್ನುತ್ತೇವೆ, ‘ಕಳಂಕ ಹೊರಿಸಿದ’ ಎನ್ನುತ್ತೇವೆ. ‘ಹೊರಿಸು’ ಎಂದರೆ ಭಾರವನ್ನು ಇನ್ನೊಬ್ಬರ ತಲೆಯ ಮೇಲಿಡುವುದು. ‘ಆರೋಪ’ ಎಂಬ ಸಂಸ್ಕೃತ ಪದದ ಮೂಲಾರ್ಥವೂ ಮೇಲಕ್ಕೇರಿಸುವುದು, ಮೇಲಿಡುವುದು ಎಂದೇ. ಆದ್ದರಿಂದಲೇ ಆರೋಪವನ್ನೂ ನಾವು ಹೊರಿಸುತ್ತೇವೆ. ಹಚ್ಚು, ಹೊರಿಸು ಎಂಬ ಎರಡರಲ್ಲಿಯೂ ಆ ಕಲೆ ಮೊದಲು ಅಲ್ಲಿರಲಿಲ್ಲ, ಹೊರಗಿನಿಂದ ಬಂತು ಎಂಬ ಧ್ವನಿಯಿದೆ.

‘ಕಳಂಕ ಅಂಟಿತು’, ‘ಕಳಂಕ ತಟ್ಟಿತು’, ‘ಕಳಂಕ ತಗುಲಿತು’ ಎಂಬ ಮೂರನೆಯ ಗುಂಪೊಂದಿದೆ. ಇಲ್ಲಿ ಕರ್ತೃ ಕಳಂಕವೇ. ಯಾರಿಂದಾಯಿತು ಎಂಬುದನ್ನು ಹೇಳುವವನು ಹೇಳದೆ ಬಿಟ್ಟಿದ್ದಾನೆ. ವಿಚಾರಣೆ ಮುಗಿಯದ ಪ್ರಕರಣವನ್ನು ಬರೆಯುವ ವರದಿಗಾರರಿಗೆ ಈ ಗುಂಪು ಸುರಕ್ಷಿತವೆಂದು ತೋರಬಹುದು. ಆದರೂ ಕಳಂಕ ಇದೆ ಎಂದು ಒಪ್ಪಿಕೊಂಡೇ ಈ ಮಾತು ಹೊರಡುತ್ತದೆ ಎಂಬುದನ್ನು ಮರೆಯಬಾರದು.

‘ಮಸಿ ಬಳಿ’ ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ಮಾತು, ಏಕೆಂದರೆ ಅದರಲ್ಲಿ ಬಳಿಯುವ ಕೈ ಕಣ್ಣಿಗೆ ಕಾಣುತ್ತದೆ. ದೀಪದ ಗೂಡಿಗೆ ಮಸಿ ‘ಹಿಡಿಯುತ್ತದೆ’, ಒಲೆಯ ಮೇಲಿನ ಪಾತ್ರೆಯ ತಳಕ್ಕೆ ಮಸಿ ‘ಕಟ್ಟುತ್ತದೆ’. ಇವುಗಳಲ್ಲಿ ಯಾರ ಉದ್ದೇಶವೂ ಇಲ್ಲ, ಉರಿಯಿದ್ದಲ್ಲಿ ಮಸಿ ಇದ್ದೇ ಇರುತ್ತದೆ. ಬಳಿಯಬೇಕಾದರೆ ಮಾತ್ರ ಒಬ್ಬನು ಮಸಿಯನ್ನು ಕೈಗೆ ತೆಗೆದುಕೊಂಡು ಬರಬೇಕು. ‘ಅವರ ಹೆಸರಿಗೆ ಮಸಿ ಬಳಿಯುವ ಪ್ರಯತ್ನ’ ಎಂದರೆ ಬೇಕೆಂದೇ ಮಾಡಿದ ಪ್ರಯತ್ನ. ‘ಮುಖಕ್ಕೆ ಮಸಿ ಬಳಿದುಕೊಂಡ’ ಎಂದಾಗ ‘ಕೊಳ್ಳು’ ಸೇರಿ, ತನ್ನ ಕೈಯಿಂದಲೇ ತನ್ನ ಮಾನ ಕಳೆದುಕೊಂಡ ಎಂಬ ಅರ್ಥ ಬರುತ್ತದೆ. ನಮ್ಮ ಕಡೆಯ ಆಡುಮಾತಿನಲ್ಲಿ ಬಳಿಯುವುದಕ್ಕಿಂತ ‘ಹಚ್ಚುವುದು’ ಹೆಚ್ಚು: ಗೋಡೆಗೆ ಸುಣ್ಣ ಹಚ್ಚುತ್ತಾರೆ, ಗಲ್ಲಕ್ಕೆ ಅರಿಶಿನ ಹಚ್ಚುತ್ತಾರೆ, ಮಾರಿಗೆ ಮಸಿ ಹಚ್ಚುತ್ತಾರೆ. ದೀಪವನ್ನೂ ಹಚ್ಚುತ್ತಾರೆ. ದೀಪಕ್ಕೂ ಅದರ ಮಸಿಗೂ ಒಂದೇ ಕ್ರಿಯಾಪದ ಸಾಕಾಗಿರುವುದನ್ನು ನಾನು ಚಿಕ್ಕಂದಿನಿಂದ ಗಮನಿಸುತ್ತ ಬಂದಿದ್ದೇನೆ.

ಇನ್ನು ತಮ್ಮ ನೋಟಿಸಿಗೆ ಬರೋಣ. ಲೆಕ್ಕದಲ್ಲಿ ವ್ಯತ್ಯಾಸ ಇದ್ದುದು ನಿಜವಾದರೆ, ಕಳಂಕವನ್ನು ‘ತಂದವರು’ ಆ ಲೆಕ್ಕವನ್ನು ಹಾಗೆ ಬರೆದವರು. ಸಭೆಯಲ್ಲಿ ಎದ್ದುನಿಂತ ಸದಸ್ಯರು ಅದನ್ನು ‘ತೋರಿಸಿದರು’ ಅಷ್ಟೆ. ‘ನಿಮ್ಮ ಅಂಗಿಗೆ ಕಲೆಯಾಗಿದೆ ನೋಡಿ’ ಎಂದವನನ್ನು ‘ನನ್ನ ಅಂಗಿಗೆ ಕಲೆ ಮಾಡಿದೆ’ ಎಂದು ಯಾರೂ ಬೈಯುವುದಿಲ್ಲ. ಒಂದು ವೇಳೆ ಆ ಸದಸ್ಯರು ತೋರಿಸಿದ ದಾಖಲೆಯೇ ಸುಳ್ಳು ಎಂಬುದು ಸಂಘದ ನಿಲುವಾಗಿದ್ದರೆ, ನೋಟಿಸಿನಲ್ಲಿ ‘ಕಳಂಕ ಹಚ್ಚಿರುತ್ತೀರಿ’ ಅಥವಾ ‘ಸುಳ್ಳು ಆರೋಪ ಹೊರಿಸಿರುತ್ತೀರಿ’ ಎಂದು ಬರೆಯಬೇಕಾಗಿತ್ತು. ಹಾಗೆ ಬರೆದಿದ್ದರೆ ಆರೋಪ ಸುಳ್ಳೆಂದು ಸಿದ್ಧಪಡಿಸುವ ಹೊಣೆ ಸಂಘದ ಮೇಲೆ ಬರುತ್ತಿತ್ತು. ‘ತಂದಿರುತ್ತೀರಿ’ ಎಂದು ಬರೆದುದರಿಂದ ಆ ಹೊಣೆ ಸದ್ದಿಲ್ಲದೆ ತಪ್ಪಿಹೋಯಿತು: ಲೆಕ್ಕ ಸರಿಯೋ ತಪ್ಪೋ ಎಂಬ ಪ್ರಶ್ನೆ ಹಿಂದೆ ಸರಿದು, ಮಾತನಾಡಿದವರ ನಡತೆ ಮುಂದೆ ಬಂತು. ಬರೆದವರು ಇದನ್ನು ಯೋಚಿಸಿಯೇ ಮಾಡಿದರೆಂದು ನಾನು ಹೇಳಲಾರೆ. ಸಿದ್ಧವಾಗಿ ಸಿಕ್ಕ ಪದಪುಂಜವನ್ನು ಯೋಚಿಸದೆ ಎತ್ತಿ ಇಟ್ಟಿರಬಹುದು. ಆದರೆ ಪೆಟ್ಟು ತಿಂದವರಿಗೆ ನೋವು ಎರಡರಲ್ಲೂ ಒಂದೇ.

ಕಾನೂನಿನ ಭಾಷೆಯೂ ಈ ಭೇದವನ್ನು ಉಳಿಸಿಕೊಂಡಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೆಯ ಪ್ರಕರಣ ಮಾನನಷ್ಟವನ್ನು ಕುರಿತದ್ದು. ಹಿಂದೆ ಇದು ದಂಡ ಸಂಹಿತೆಯ 499ನೆಯ ಪ್ರಕರಣವಾಗಿತ್ತು. ಸಾರ್ವಜನಿಕರ ಒಳಿತಿಗಾಗಿ ನಿಜವನ್ನೇ ಹೇಳಿದ್ದರೆ ಅದು ಮಾನನಷ್ಟವಲ್ಲ ಎಂಬುದು ಅಂದಿನಿಂದ ಇಂದಿನವರೆಗೂ ಅದರ ಮೊದಲನೆಯ ಅಪವಾದವಾಗಿ ನಿಂತಿದೆ. (ಇಲ್ಲಿ ‘ಅಪವಾದ’ ಎಂದರೆ ನಿಯಮಕ್ಕೆ ಹೊರತಾದುದು. ಅದೇ ಪದಕ್ಕೆ ನಿಂದೆ ಎಂಬ ಅರ್ಥವೂ ಇರುವುದು ಈ ಬಳಗದ ಮತ್ತೊಂದು ತೊಡಕು.)

ಸುಳ್ಳು ಕಳಂಕದ ಬಗ್ಗೆ ನಮ್ಮ ಮನೆಗಳಲ್ಲಿ ಪ್ರತಿವರ್ಷ ಕೇಳುವ ಕಥೆಯೊಂದಿದೆ. ಭಾದ್ರಪದ ಶುದ್ಧ ಚೌತಿಯ ದಿನ ಚಂದ್ರನನ್ನು ನೋಡಿದರೆ ಅಪವಾದ ಬರುತ್ತದೆಂದೂ, ನೋಡಿಬಿಟ್ಟವರು ಶ್ಯಮಂತಕ ಮಣಿಯ ಕಥೆಯನ್ನು ಕೇಳಬೇಕೆಂದೂ ಹಿರಿಯರು ಹೇಳುತ್ತಾರೆ. ಸತ್ರಾಜಿತನ ಮಣಿಯನ್ನು ಅವನ ತಮ್ಮ ಪ್ರಸೇನ ಧರಿಸಿಕೊಂಡು ಬೇಟೆಗೆ ಹೋದ. ಸಿಂಹ ಅವನನ್ನು ಕೊಂದಿತು, ಸಿಂಹವನ್ನು ಜಾಂಬವಂತ ಕೊಂದು ಮಣಿಯನ್ನು ಒಯ್ದ. ಊರಿನವರು ಮಾತ್ರ ಕೃಷ್ಣನೇ ಮಣಿಗಾಗಿ ಪ್ರಸೇನನನ್ನು ಕೊಂದನೆಂದರು. ಈ ಕಥೆ ಹೇಳುವ ಯಾವ ಅಜ್ಜಿಯೂ ‘ಕೃಷ್ಣ ತನ್ನ ಕುಲಕ್ಕೆ ಕಳಂಕ ತಂದ’ ಎನ್ನುವುದಿಲ್ಲ. ‘ಕೃಷ್ಣನ ಮೇಲೆ ಅಪವಾದ ಬಂತು’ ಎನ್ನುತ್ತಾಳೆ, ‘ಅಪವಾದ ಹೊರಿಸಿದರು’ ಎನ್ನುತ್ತಾಳೆ. ಅಕ್ಷರ ಬಾರದ ಅಜ್ಜಿಗೆ ತಿಳಿದಿದ್ದ ಈ ಭೇದ ನೋಟಿಸು ಬರೆಯುವ ಕೈಗೂ ತಿಳಿದಿರಬೇಕಾಗಿತ್ತು.

ಇದಕ್ಕೆ ಹೊಂದಿಕೊಂಡ ಮಾತೊಂದನ್ನು ಸೇರಿಸುತ್ತೇನೆ. ‘ಕಳಂಕಿತ ಅಧಿಕಾರಿ’, ‘ಕಳಂಕಿತ ಸಚಿವ’ ಎಂಬ ಪ್ರಯೋಗಗಳು ಪತ್ರಿಕೆಗಳಲ್ಲಿ ಧಾರಾಳವಾಗಿವೆ. ಪುಷ್ಪ ಬಂದುದು ಪುಷ್ಪಿತ, ಚಿಗುರು ಬಂದುದು ಪಲ್ಲವಿತ. ಹಾಗೆಯೇ ಕಳಂಕ ಬಂದುದು ಕಳಂಕಿತ. ಬಂದಾಗಿದೆ ಎಂಬುದು ಆ ರೂಪದಲ್ಲಿಯೇ ಅಡಗಿದೆ. ವಿಚಾರಣೆ ನಡೆಯುತ್ತಿರುವಾಗ ಒಬ್ಬರನ್ನು ಕಳಂಕಿತ ಎನ್ನುವುದು ತೀರ್ಪನ್ನು ಮೊದಲೇ ಬರೆದಂತೆ. ‘ಆರೋಪ ಎದುರಿಸುತ್ತಿರುವ’ ಎಂದು ಬರೆದರೆ ಒಂದು ಪದ ಹೆಚ್ಚಾಗುತ್ತದೆ, ಆದರೆ ಯಾರಿಗೂ ಅನ್ಯಾಯವಾಗುವುದಿಲ್ಲ. ‘ಕಳಂಕಿತಗೊಳಿಸು’ ಎಂಬ ಉದ್ದನೆಯ ರೂಪವನ್ನು ನಾನು ಬಳಸುವುದಿಲ್ಲ. ಅದು ತರುವುದನ್ನೂ ಹಚ್ಚುವುದನ್ನೂ ಒಂದೇ ಚೀಲಕ್ಕೆ ತುಂಬಿಬಿಡುತ್ತದೆ.

ಮತ್ತೊಂದು ಎಚ್ಚರ. ಹೆಸರು ಕೆಟ್ಟುದನ್ನು ಹೇಳಲು ‘ಮೈಲಿಗೆಯಾಯಿತು’ ಎಂದು ಬರೆಯುವವರಿದ್ದಾರೆ. ಆ ಪದ ಮನುಷ್ಯರನ್ನು ಮುಟ್ಟದೆ ದೂರವಿಟ್ಟ ಆಚರಣೆಯ ಭಾರವನ್ನು ಹೊತ್ತು ಬಂದಿದೆ. 12ನೆಯ ಶತಮಾನದ ವಚನಕಾರರು ಹೊಲೆ, ಸೂತಕ ಎಂಬ ಮಾತುಗಳನ್ನು ತಿರುಗಿಸಿ ಪ್ರಶ್ನಿಸಿದ ನಾಡಿನಲ್ಲಿ ನಾವು ಅದನ್ನು ಅಲಂಕಾರವಾಗಿ ಬಳಸಕೂಡದು. ಬೇರೆ ಪದಗಳಿಗೇನೂ ಬರವಿಲ್ಲ.

ಪ್ರಶ್ನೆ: ಹಿತ್ತಾಳೆ ಕೊಡಕ್ಕೆ ಹಿಡಿಯುವುದು ಕಿಲುಬೋ ತುಕ್ಕೋ? ಮನೆಯಲ್ಲಿ ತೆಲುಗು ಮಾತಾಡುವ ನಮ್ಮ ನೆರೆಯವರು ‘ಚಿಲುಮು’ ಎನ್ನುತ್ತಾರೆ. ಎರಡೂ ಒಂದೇ ಪದವೆ? ‘ಹೆಸರಿಗೆ ತುಕ್ಕು ಹಿಡಿಯಿತು’ ಎಂದು ಬರೆಯಬಹುದೆ?
(ಗೃಹಿಣಿ, ರಾಯಚೂರು)

ಉತ್ತರ: ಹಿತ್ತಾಳೆ, ತಾಮ್ರ, ಕಂಚುಗಳಿಗೆ ಹಿಡಿಯುವುದು ಕಿಲುಬು, ಕಬ್ಬಿಣಕ್ಕೆ ಹಿಡಿಯುವುದು ತುಕ್ಕು. ಹಿತ್ತಾಳೆಯಲ್ಲಿ ತಾಮ್ರದ ಜೊತೆ ಸತು, ಕಂಚಿನಲ್ಲಿ ತಾಮ್ರದ ಜೊತೆ ತವರ ಇರುತ್ತದೆ. ಎರಡರಲ್ಲಿಯೂ ಇರುವ ತಾಮ್ರ ಗಾಳಿ ಮತ್ತು ತೇವಕ್ಕೆ ಸಿಕ್ಕಿ ಮೊದಲು ಕಂದುತ್ತದೆ, ಬರಬರುತ್ತ ಹಸಿರಾಗುತ್ತದೆ. ಆ ಹಸಿರೇ ಕಿಲುಬು. ಮಜ್ಜಿಗೆಯನ್ನೋ ಹುಣಸೆಯ ಹುಳಿಯನ್ನೋ ಕಲಾಯಿಯಿಲ್ಲದ ಹಿತ್ತಾಳೆ ಪಾತ್ರೆಯಲ್ಲಿಟ್ಟರೆ ಕಿಲುಬೇರಿ ಅಡುಗೆ ವಿಷವಾಗುತ್ತದೆಂದು ಹಿರಿಯರು ಗದರುತ್ತಿದ್ದುದು ಇದಕ್ಕಾಗಿಯೇ. ಹುಳಿ ತಾಮ್ರವನ್ನು ಕರಗಿಸುತ್ತದೆ. ಪಾತ್ರೆಯ ಒಳಮೈಗೆ ತವರದ ಲೇಪ ಕೊಡುವ ಕಲಾಯಿಗಾರರು ಬೀದಿಯಲ್ಲಿ ತಿದಿ ಊದಿ ಕೂರುತ್ತಿದ್ದ ಕಾಲವನ್ನು ರಾಯಚೂರಿನ ಹಳೆಯ ಓಣಿಗಳವರು ಮರೆತಿರಲಾರರು. ಅದೇ ಹುಳಿ ಹೊರಮೈಯ ಕಿಲುಬನ್ನೂ ಕರಗಿಸುವುದರಿಂದ ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಕೊಡ ಥಳಥಳಿಸುತ್ತದೆ.

ತಮ್ಮ ನೆರೆಯವರ ‘ಚಿಲುಮು’ ನಮ್ಮ ‘ಕಿಲುಬು’ವಿನ ಒಡಹುಟ್ಟು. ಇ, ಎ ಸ್ವರಗಳ ಹಿಂದೆ ಕನ್ನಡದಲ್ಲಿ ಉಳಿದ ಕಕಾರ ತೆಲುಗಿನಲ್ಲಿ ಚಕಾರವಾಗಿದೆ: ಕಿವಿ–ಚೆವಿ, ಕಿರು–ಚಿರು, ಕೆಡು–ಚೆಡು. ತಮಿಳಿನ ‘ಕಳಿಂಬು’ ಕೂಡ ಇದೇ ಅರ್ಥದ್ದು. ಶೈವ ಸಿದ್ಧಾಂತದಲ್ಲಿ ಜೀವಕ್ಕೆ ಅಂಟಿದ ಆಣವಮಲ ಎಂಬ ಕೊಳೆಯನ್ನು ವಿವರಿಸಲು ತಾಮ್ರದ ಕಿಲುಬನ್ನು ಹೋಲಿಕೆಯಾಗಿ ಕೊಡುತ್ತಾರೆ. ತಾಮ್ರ ಎಂದಿನಿಂದ ಇದೆಯೋ ಕಿಲುಬೂ ಅಂದಿನಿಂದ ಅದರೊಡನೆ ಇದೆ ಎಂಬುದು ಆ ಹೋಲಿಕೆಯ ತಾತ್ಪರ್ಯ.

ತುಕ್ಕಿನ ವಿಷಯ ಬೇರೆ. ತಾಮ್ರದ ಮೇಲೆ ಕಟ್ಟಿದ ಪದರ ಲೋಹಕ್ಕೆ ಅಂಟಿಕೊಂಡು ಕೆಳಗಿನ ತಾಮ್ರ ಕೆಡುವುದನ್ನು ನಿಧಾನಗೊಳಿಸುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ, ಅದು ಹೊಪ್ಪಳೆಯಾಗಿ ಉದುರಿ ಒಳಗಿನ ಕಬ್ಬಿಣವನ್ನು ಮತ್ತೆ ಮತ್ತೆ ಗಾಳಿಗೊಡ್ಡಿ ತಿಂದು ಮುಗಿಸುತ್ತದೆ. ಸಂಡೂರಿನ ಗುಡ್ಡಗಳಲ್ಲಿ ಅಗೆಯುವ ಹೆಮಟೈಟ್ ಅದಿರೂ ಆಮ್ಲಜನಕದೊಡನೆ ಕೂಡಿದ ಕಬ್ಬಿಣವೇ. ತೋರಣಗಲ್ಲಿನ ಊದುಕುಲುಮೆಯಲ್ಲಿ ಬೇರ್ಪಡಿಸಿದ ಆಮ್ಲಜನಕವನ್ನು ಕಬ್ಬಿಣ ತುಕ್ಕಿನ ರೂಪದಲ್ಲಿ ಮರಳಿ ಪಡೆಯುತ್ತದೆ ಎನ್ನಬಹುದು. ಬಳಸದೆ ಇಟ್ಟ ಕುಡುಗೋಲಿಗೆ ತುಕ್ಕು ಬೇಗ ಹಿಡಿಯುತ್ತದೆ. ಆ ಅನುಭವದಿಂದ ‘ಬುದ್ಧಿಗೆ ತುಕ್ಕು ಹಿಡಿದಿದೆ’, ‘ಕಲಿತ ವಿದ್ಯೆ ತುಕ್ಕು ಹಿಡಿಯಿತು’ ಎಂಬ ಮಾತುಗಳು ಬಂದಿವೆ. ಅವುಗಳಲ್ಲಿರುವುದು ಆಲಸ್ಯದ ಆಕ್ಷೇಪ, ಅಪಕೀರ್ತಿಯದಲ್ಲ. ಆದ್ದರಿಂದ ‘ಹೆಸರಿಗೆ ತುಕ್ಕು ಹಿಡಿಯಿತು’ ಎಂಬ ಪ್ರಯೋಗ ಹೊಂದುವುದಿಲ್ಲ. ಕಿಲುಬಿಗೆ ಸಂಬಂಧಿಸಿದ ನುಡಿಗಟ್ಟು ಬೆಲೆಯನ್ನು ಕುರಿತದ್ದು: ಕಿಲುಬು ಹಿಡಿದ ನಾಣ್ಯವನ್ನು ಅಂಗಡಿಯವನು ಮುಟ್ಟುವುದಿಲ್ಲವಾದ್ದರಿಂದ ‘ಕಿಲುಬು ಕಾಸಿನ ಪ್ರಯೋಜನವಿಲ್ಲ’ ಎನ್ನುತ್ತೇವೆ.

ತಾವು ಕೇಳದಿದ್ದರೂ ಒಂದು ಪದವನ್ನು ಇಲ್ಲಿ ನೆನೆಯದಿರಲಾರೆ. ಕಿಲುಬನ್ನು ತೆಗೆಯುವುದಕ್ಕೆ ನಮ್ಮಲ್ಲಿ ‘ಬೆಳಗು’ ಎನ್ನುತ್ತಾರೆ: ಕೊಡ ಬೆಳಗು, ತಂಬಿಗೆ ಬೆಳಗು. ಆರತಿಯನ್ನೂ ಬೆಳಗುತ್ತಾರೆ. ಮಕ್ಕಳು ಮನೆತನದ ಹೆಸರನ್ನೂ ಬೆಳಗುತ್ತಾರೆ. ಹೆಸರಿಗೆ ಕಳಂಕ ತರುವುದರ ವಿರುದ್ಧಪದ ಯಾವುದೆಂದು ಯಾರಾದರೂ ಕೇಳಿದರೆ ನಾನು ಈ ಪದವನ್ನೇ ಹೇಳುತ್ತೇನೆ. ಹಬ್ಬದ ಹಿಂದಿನ ದಿನ ಅಂಗಳದಲ್ಲಿ ಕುಳಿತು ಹಿತ್ತಾಳೆ ಸಾಮಾನು ಬೆಳಗುವ ಹೆಣ್ಣುಮಕ್ಕಳ ಕೈಯಲ್ಲಿ ಅದು ಇಂದಿಗೂ ಮಾಸದೆ ಉಳಿದಿದೆ.

ಪ್ರಶ್ನೆ: ನಾನು ಜೀನ್ಸ್ ತೊಳೆಯುವ ಘಟಕದಲ್ಲಿ ಕೆಲಸ ಮಾಡುತ್ತೇನೆ. ಹೊಸ ಬಟ್ಟೆಯನ್ನು ಹಳೆಯದರಂತೆ ಕಾಣುವ ಹಾಗೆ ಮಾಡುವುದಕ್ಕೆ ನಾವು ‘ಫೇಡ್ ಮಾಡು’ ಎನ್ನುತ್ತೇವೆ. ಕನ್ನಡದಲ್ಲಿ ‘ಮಾಸಿಸು’ ಎನ್ನಬಹುದೆ? ಗೆಳೆಯರು ನಗುತ್ತಾರೆ.
(ಕಾರ್ಮಿಕ, ಬಳ್ಳಾರಿ)

ಉತ್ತರ: ಖಂಡಿತ ಎನ್ನಬಹುದು. ಓಡು–ಓಡಿಸು, ಹಾಸು–ಹಾಸಿಸು ಎಂಬಂತೆ ಮಾಸು–ಮಾಸಿಸು. ವ್ಯಾಕರಣದ ಅಡ್ಡಿಯಿಲ್ಲ. ಬಟ್ಟೆ ತಾನಾಗಿ ಮಾಸುವುದನ್ನು ಬೇಡವೆಂದುಕೊಂಡೇ ಬಾಳಿದ ಜನರಿಗೆ, ಬೇಕೆಂದು ಮಾಸುವಂತೆ ಮಾಡುವ ಕೆಲಸಕ್ಕೆ ಪದ ಬೇಕಾಗಿರಲಿಲ್ಲ. ಬಳ್ಳಾರಿಯ ಜೀನ್ಸ್ ಉದ್ಯಮಕ್ಕೆ ಬೇಕಾಗಿದೆ, ನೀವು ಮಾಡಿಕೊಂಡಿದ್ದೀರಿ. ಗೆಳೆಯರು ನಾಲ್ಕು ದಿನ ನಕ್ಕು ಐದನೆಯ ದಿನ ತಾವೂ ಬಳಸಿಯಾರು.

‘ಮಾಸು’ವಿನಲ್ಲಿ ಎರಡು ಅರ್ಥಗಳಿವೆ, ಅವು ಎದುರುಬದುರಾಗಿವೆ. ‘ಬಟ್ಟೆ ಮಾಸಿದೆ’ ಎಂದರೆ ಕೊಳೆ ಸೇರಿದೆ, ಒಗೆಯಬೇಕು. ‘ಬಣ್ಣ ಮಾಸಿದೆ’ ಎಂದರೆ ಇದ್ದದ್ದು ಹೋಗಿದೆ, ಬಹಳ ಸಲ ಒಗೆದಾಗಿದೆ. ತಮಿಳಿನ ‘ಮಾಸು’ ಕೊಳೆ, ಕಲೆ ಎಂಬ ಅರ್ಥದಲ್ಲಿ ನಿಂತಿದೆ. ತೆಲುಗಿನ ‘ಮಾಸಿನ ಬಟ್ಟಲು’ ಕೊಳೆಯಾದ ಬಟ್ಟೆಗಳು. ನಿಮ್ಮ ಕೆಲಸಕ್ಕೆ ಹೊಂದುವುದು ಎರಡನೆಯ ಅರ್ಥ. ಡೆನಿಮ್ ನೂಲಿನ ಹೊರಮೈಗೆ ಮಾತ್ರ ನೀಲಿ ಹತ್ತಿರುತ್ತದೆ, ನಡುವೆ ಬಿಳುಪು ಉಳಿದಿರುತ್ತದೆ. ಉಜ್ಜಿದಲ್ಲಿ ನೀಲಿ ಹೋಗಿ ಆ ಬಿಳುಪು ಇಣುಕುತ್ತದೆ. ಆದ್ದರಿಂದ ‘ಬಟ್ಟೆಯನ್ನು ಮಾಸಿಸಿದರು’ ಎನ್ನುವುದಕ್ಕಿಂತ ‘ಬಣ್ಣ ಮಾಸಿಸಿದರು’ ಎಂದು ಬಳಸಿ. ಮೊದಲನೆಯದನ್ನು ಕೇಳಿದವರು ಕೊಳೆ ಮಾಡಿದಿರೆಂದು ತಿಳಿದಾರು.

ಈ ಎರಡನೆಯ ಅರ್ಥದಿಂದಲೇ ‘ಮಾಸದ ನೆನಪು’ ಬಂದಿದೆ. ಗಾಯ ಮಾಯುತ್ತದೆ, ಗಾಯದ ಕಲೆ ಮಾಸುತ್ತದೆ, ಎರಡೂ ಬೇರೆ. ಹೆಸರು ಮಾಸಿತು ಎಂದರೆ ಜನ ಮರೆತರು ಎಂದರ್ಥವೇ ಹೊರತು ಹೆಸರು ಕೆಟ್ಟಿತು ಎಂದಲ್ಲ. ಕಲ್ಲಿನ ಮೇಲಿನ ಅಕ್ಷರಗಳಿಗೆ ಮಾತ್ರ ‘ಮಾಸು’ ಸಲ್ಲದು, ಅವು ಸವೆಯುತ್ತವೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಶಾಸನದಲ್ಲಿ ಎಷ್ಟೋ ಅಕ್ಷರಗಳು ಸವೆದಿದ್ದರೂ, ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರು ಉಳಿದಿತ್ತು. ಮರೆವಿನಲ್ಲಿ ಮಾಸಿದ್ದ ಹೆಸರೊಂದು ಸವೆದ ಕಲ್ಲಿನಿಂದ ದೊರೆಯಿತು ಎಂದು ಈ ಎರಡು ಕ್ರಿಯಾಪದಗಳನ್ನೂ ಒಂದೇ ವಾಕ್ಯದಲ್ಲಿ ಬಳಸಬಹುದು.

ಪ್ರಶ್ನೆ: ‘ಕಲಂಕ’ ಸರಿಯೋ ‘ಕಳಂಕ’ ಸರಿಯೋ? ‘ನದಿಯನ್ನು ಮಾಲಿನ್ಯಗೊಳಿಸಬೇಡಿ’ ಎಂಬ ಫಲಕದಲ್ಲಿ ತಪ್ಪಿದೆಯೆಂದು ನಮ್ಮ ಗುರುಗಳು ಹೇಳಿದರು. ಏನು ತಪ್ಪು?
(ಪದವಿ ವಿದ್ಯಾರ್ಥಿನಿ, ಲಿಂಗಸುಗೂರು)

ಉತ್ತರ: ಸಂಸ್ಕೃತದಲ್ಲಿ ಕಲಂಕ, ಕನ್ನಡದಲ್ಲಿ ಕಳಂಕ. ಸಂಸ್ಕೃತ ಪದಗಳ ಲಕಾರ ಕನ್ನಡದಲ್ಲಿ ಳಕಾರವಾಗುವುದನ್ನು ನಮ್ಮ ವೈಯಾಕರಣರು ‘ಕ್ಷಳ’ ಎಂದು ಗುರುತಿಸಿದ್ದಾರೆ. ‘ಅಕಲಂಕ’ ಎಂಬ ಜೈನ ತಾರ್ಕಿಕನ ಹೆಸರಿನಲ್ಲಿ ಲಕಾರ ಹಾಗೆಯೇ ಇರುತ್ತದೆ, ಏಕೆಂದರೆ ಅದು ಅಂಕಿತನಾಮ. ನಿಷ್ಕಳಂಕ, ಅಕಳಂಕ ಎರಡೂ ಶುದ್ಧ.

ಹಳಗನ್ನಡದಲ್ಲಿ ‘ಕಲಂಕು’ ಎಂಬ ಅಚ್ಚಗನ್ನಡ ಕ್ರಿಯಾಪದವೊಂದಿದೆ. ಇಂದಿನ ‘ಕಲಕು’ ಅದರಿಂದ ಬಂದದ್ದು. ನೀರು ಕದಡುವುದು ಎಂದರ್ಥ. ಇದನ್ನು ಕಳಂಕದೊಡನೆ ಗಂಟುಹಾಕಬೇಡಿ. ಮುಂಗಾರಿನ ಮೊದಲ ಪ್ರವಾಹದಲ್ಲಿ ತುಂಗಭದ್ರೆಗೆ ಕೆಂಪು ನೀರು ಬಂದಾಗ ನದಿ ಕಲಂಕಿರುತ್ತದೆ, ಅದಕ್ಕೆ ಕಳಂಕವೇನೂ ಬಂದಿರುವುದಿಲ್ಲ. ಕೆಲದಿನ ಬಿಟ್ಟರೆ ತಾನೇ ತಿಳಿಯಾಗುತ್ತದೆ.

ಫಲಕದ ತಪ್ಪು ಹೀಗಿದೆ. ‘ಮಲಿನ’ ಗುಣವಾಚಕ, ‘ಮಾಲಿನ್ಯ’ ಅದರಿಂದಾದ ಭಾವನಾಮ. ನದಿ ಮಲಿನವಾಗುತ್ತದೆ; ನದಿಯಲ್ಲಿ ಮಾಲಿನ್ಯ ಉಂಟಾಗುತ್ತದೆ. ಆದ್ದರಿಂದ ‘ಮಲಿನಗೊಳಿಸಬೇಡಿ’ ಎಂದಿರಬೇಕು. ಸುಂದರಗೊಳಿಸು ಎನ್ನುತ್ತೇವೆ, ಸೌಂದರ್ಯಗೊಳಿಸು ಎನ್ನುವುದಿಲ್ಲ. ‘ಮಾಲಿನ್ಯತೆ’ ಎಂಬುದೂ ತಪ್ಪೇ. ಕೃಷ್ಣೆ ತುಂಗಭದ್ರೆಗಳ ನಡುವಣ ಎಡೆದೊರೆ ನಾಡಿನವರು ನೀವು. ನದಿಯ ದಡದ ಫಲಕ ತಿದ್ದಿಸುವ ಹಕ್ಕು ನಿಮಗೆ ಹೆಚ್ಚಾಗಿಯೇ ಇದೆ.

ಪ್ರಶ್ನೆ: ನಾನು ಕಥೆ ಬರೆಯುತ್ತೇನೆ. ನಮ್ಮ ಅಜ್ಜಿ ಅಂಗಿಗೆ ‘ಡಾಗು ಬಿದ್ದೈತಿ’, ಮನೆತನದ ‘ಬದನಾಮಿ ಆತು’ ಎನ್ನುತ್ತಿದ್ದಳು. ಸಂಪಾದಕರೊಬ್ಬರು ಇವು ಕನ್ನಡವಲ್ಲ, ‘ಕಲೆ’, ‘ಕಳಂಕ’ ಎಂದು ತಿದ್ದಿ ಎಂದರು. ತಿದ್ದಬೇಕೆ?
(ಕಥೆಗಾರ್ತಿ, ಗಂಗಾವತಿ)

ಉತ್ತರ: ತಿದ್ದಬೇಡಿ. ಕೊಪ್ಪಳ, ರಾಯಚೂರು ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ನಿಜಾಮರ ಕಾಲದ ಕಚೇರಿಯ ಭಾಷೆ, ಶಾಲೆಯ ಭಾಷೆ ಉರ್ದುವಾಗಿತ್ತು. ಬಳ್ಳಾರಿಯದು ಬೇರೆ ದಾರಿ. ಅದು ಮದ್ರಾಸ್ ಪ್ರಾಂತದಲ್ಲಿದ್ದು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯವನ್ನು ಸೇರಿತು. ನದಿಯ ಈಚೆ ಆಚೆಯ ಮಾತುಗಳಲ್ಲಿ ಇಂದಿಗೂ ಆ ವ್ಯತ್ಯಾಸ ಕೇಳಿಸುತ್ತದೆ. ಅರ್ಜಿ, ದಾಖಲೆ, ಫಿರ್ಯಾದಿಗಳನ್ನು ಕನ್ನಡವೆಂದು ಒಪ್ಪಿಕೊಂಡ ಸಂಪಾದಕರು ಡಾಗು, ಬದನಾಮಿಗಳನ್ನು ಮಾತ್ರ ಬಾಗಿಲ ಹೊರಗೆ ನಿಲ್ಲಿಸುವುದಕ್ಕೆ ಕಾರಣ ಕಾಣುವುದಿಲ್ಲ. 9ನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಇರುವ ನಾಡಿನ ಎಲ್ಲೆಗಳಲ್ಲಿ ಒಂದಾಗಿ ಕೊಪಣವನ್ನು, ಅಂದರೆ ನಿಮ್ಮ ಕೊಪ್ಪಳವನ್ನು ಹೆಸರಿಸಿದೆ. ಅಲ್ಲಿಯ ಅಜ್ಜಿಯೊಬ್ಬಳ ಬಾಯಲ್ಲಿ ನೆಲೆಸಿದ ಪದವನ್ನು ಕನ್ನಡವಲ್ಲವೆನ್ನುವುದು ನನಗೆ ಒಪ್ಪಿಗೆಯಿಲ್ಲ.

ಅರ್ಥದಲ್ಲಿಯೂ ನಷ್ಟವಾಗುತ್ತದೆ. ನಿಮ್ಮ ಅಜ್ಜಿ ‘ಡಾಗು ಬಿದ್ದೈತಿ’ ಎಂದಳು, ಯಾರು ಬೀಳಿಸಿದರೆಂದು ಹೇಳಲಿಲ್ಲ. ‘ಬದನಾಮಿ ಆತು’ ಎಂದಳು, ಯಾರು ಮಾಡಿದರೆಂದು ಹೇಳಲಿಲ್ಲ. ಮನೆಯ ಮಗಳನ್ನೋ ಸೊಸೆಯನ್ನೋ ಬೆರಳು ಮಾಡಿ ತೋರಿಸದೆ, ಆದದ್ದನ್ನು ಆದಂತೆ ನುಡಿದಳು. ಸಂಪಾದಕರ ಸಲಹೆಯಂತೆ ‘ಮನೆತನಕ್ಕೆ ಕಳಂಕ ತಂದಳು’ ಎಂದು ತಿದ್ದಿದರೆ ಅಜ್ಜಿ ಆಡದ ಆಪಾದನೆಯನ್ನು ಅವಳ ಬಾಯಿಗೆ ತುರುಕಿದಂತಾಗುತ್ತದೆ, ಕಥೆಯ ದಿಕ್ಕೇ ಬದಲಾಗುತ್ತದೆ. ನಿರೂಪಣೆಯ ಭಾಗದಲ್ಲಿ ಬೇಕಾದರೆ ‘ಕಲೆ’ ಎಂದು ಬರೆಯಿರಿ. ಅಜ್ಜಿ ಮಾತನಾಡುವಲ್ಲಿ ಡಾಗು ಡಾಗಾಗಿಯೇ ಇರಲಿ, ‘ಬಿದ್ದೈತಿ’ ಎಂಬುದನ್ನೂ ‘ಬಿದ್ದಿದೆ’ ಎಂದು ತಿದ್ದಬೇಡಿ.